ಪ್ರವಾಸದ ರಾತ್ರಿ: ಹರೆಯದ ಮಕ್ಕಳ ಹಾಸಿಗೆ ಎಲ್ಲಿ?

ಏಪ್ರಿಲ್ ಬಂತೆಂದರೆ ಮಕ್ಕಳ ಪರೀಕ್ಷೆಗಳು ಮುಗಿಯುತ್ತವೆ. ‘ಅಬ್ಬಾ, ಈ ಸಲ ರಜೆಗೆ ಎಲ್ಲಿಗೆ?’ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಮಂಡ್ಯ ತಾಲೂಕಿನ ದುದ್ದದಲ್ಲಿ ವಾಸಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತಂದೆ, ತಾಯಿ, ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ ಹಿರಿಯ ಮಗ, ಹದಿಮೂರು ವರ್ಷದ ಮಗಳು, ಹತ್ತು ವರ್ಷದ ಇನ್ನೊಬ್ಬ ಮಗ, ಆರು ವರ್ಷದ ಕಿರಿಯ ಮಗಳು. ಕಬ್ಬಿನ ಹಣ ಕೈಗೆ ಬಂದಿದೆ. ಊಟಿಗೆ ಹೋಗುವುದೆಂದು ತೀರ್ಮಾನವಾಗಿದೆ. ತಂದೆ ಫೋನ್ ಮಾಡಿ ಒಂದು ಕೋಣೆ ಗೊತ್ತು ಮಾಡಿದ್ದಾರೆ. ಒಂದು ಜೋಡಿ ಮಂಚ, ನೆಲಕ್ಕೆ ಹಾಸಲು ಎರಡು ಹಾಸಿಗೆ. ‘ಎರಡು ರಾತ್ರಿಯ ಮಾತಲ್ಲವೇ, ಹೇಗೋ ಹೊಂದಿಕೊಂಡರಾಯಿತು’ ಎನ್ನುತ್ತಾರೆ ಅವರು. ತಾಯಿ ಮಾತ್ರ ಸುಮ್ಮನಿದ್ದಾರೆ. ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆಯಿದೆ. ಅದನ್ನು ಹೇಗೆ ಕೇಳುವುದೆಂದು ಅವರಿಗೆ ತಿಳಿಯುತ್ತಿಲ್ಲ.

ಪ್ರಿಯ ಓದುಗರೇ, ಆ ತಾಯಿಯ ಪ್ರಶ್ನೆ ನಿಮ್ಮದೂ ಆಗಿರಬಹುದು. ಬೆಳೆದ ಅಣ್ಣ, ಬೆಳೆಯುತ್ತಿರುವ ತಂಗಿ, ಇವರ ಹಾಸಿಗೆಯನ್ನು ಆ ಒಂದು ಕೋಣೆಯಲ್ಲಿ ಎಲ್ಲಿ ಹಾಕಬೇಕು? ಇದು ಕ್ಷುಲ್ಲಕ ವಿಷಯವೆಂದು ತೋರಬಹುದು. ಆದರೆ ನಮ್ಮ ಧರ್ಮ ಇದನ್ನು ಕ್ಷುಲ್ಲಕವೆಂದು ಪರಿಗಣಿಸಿಲ್ಲ. ನಮಾಝಿನ ಆಜ್ಞೆಯ ಜೊತೆಯಲ್ಲೇ ಇದರ ಆಜ್ಞೆಯನ್ನೂ ಇಟ್ಟಿದೆ.

ಆಜ್ಞೆ ಏನು?

ಮಕ್ಕಳಿಗೆ ಏಳು ವರ್ಷವಾದಾಗ ನಮಾಝಿನ ಆದೇಶ ನೀಡಬೇಕೆಂದೂ, ಹತ್ತು ವರ್ಷವಾದಾಗ ಆ ವಿಷಯದಲ್ಲಿ ಬಿಗಿಯಾಗಿರಬೇಕೆಂದೂ, ಅವರ ಹಾಸಿಗೆಗಳನ್ನು ಬೇರ್ಪಡಿಸಬೇಕೆಂದೂ ಪ್ರವಾದಿ(ಸ) ಬೋಧಿಸಿದರು. ಈ ಹದೀಸನ್ನು ಇಮಾಮ್ ಅಬೂದಾವೂದ್ ವರದಿ ಮಾಡಿದ್ದಾರೆ. ಗಂಡು ಗಂಡಿನೊಂದಿಗೆ, ಹೆಣ್ಣು ಹೆಣ್ಣಿನೊಂದಿಗೆ ಒಂದೇ ಹೊದಿಕೆಯೊಳಗೆ ಮಲಗಬಾರದೆಂಬ ಇನ್ನೊಂದು ಆದೇಶ ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಸಈದ್ ಅಲ್ ಖುದ್ರೀ(ರ) ಅವರ ಮೂಲಕ ಬಂದಿದೆ. ಇವೆರಡನ್ನೂ ಜೊತೆಯಾಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬೇರ್ಪಡಿಸುವುದು ಅಣ್ಣ ತಂಗಿಯರನ್ನು ಮಾತ್ರವಲ್ಲ. ಇಬ್ಬರು ಅಣ್ಣ ತಮ್ಮಂದಿರಿಗೂ, ಇಬ್ಬರು ಅಕ್ಕ ತಂಗಿಯರಿಗೂ ಅವರವರ ಹಾಸಿಗೆ, ಅವರವರ ಹೊದಿಕೆ ಇರಬೇಕು.

ಹಾಗಾದರೆ ಪ್ರತಿಯೊಬ್ಬರಿಗೂ ಒಂದೊಂದು ಕೋಣೆ ಬೇಕೇ? ಅಲ್ಲ. ಹದೀಸಿನಲ್ಲಿರುವುದು ಹಾಸಿಗೆಯ ಮಾತು, ಕೋಣೆಯ ಮಾತಲ್ಲ. ಒಂದೇ ಕೋಣೆಯಲ್ಲಿದ್ದರೂ ಹಾಸಿಗೆ ಮತ್ತು ಹೊದಿಕೆ ಬೇರೆಯಾಗಿದ್ದು ನಡುವೆ ಅಂತರವಿದ್ದರೆ ಆಜ್ಞೆಯ ಪಾಲನೆಯಾಗುತ್ತದೆ. ಅನುಕೂಲವಿದ್ದರೆ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಕೋಣೆಯೇ ಬೇರೆಯಾಗಿರುವುದು ಉತ್ತಮ. ಈ ವಿಶಾಲತೆ ಅಲ್ಲಾಹನ ಕರುಣೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ಕುಟುಂಬಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಟುಂಬಗಳು ಒಂದೇ ಕೋಣೆಯ ಮನೆಯಲ್ಲಿ ಬಾಳುತ್ತಿದ್ದವು. ಬಡವನಿಗೆ ಪಾಲಿಸಲಾಗದ ಆಜ್ಞೆಯನ್ನು ಕರುಣಾಮಯನಾದ ಅಲ್ಲಾಹನು ಹೇರಿಲ್ಲ. ಎರಡು ಚಾಪೆ, ಎರಡು ಚಾದರ, ನಡುವೆ ಒಂದಿಷ್ಟು ಜಾಗ, ಇಷ್ಟನ್ನು ಗುಡಿಸಲಿನಲ್ಲೂ ಹೊಂದಿಸಬಹುದು.

ಹತ್ತು ವರ್ಷವೇ ಏಕೆ?

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹತ್ತು ವರ್ಷದ ಮಗು ಸಾಮಾನ್ಯವಾಗಿ ಇನ್ನೂ ಪ್ರಾಯಕ್ಕೆ ಬಂದಿರುವುದಿಲ್ಲ. ಪ್ರಾಯದ ಲಕ್ಷಣಗಳು ಕಾಣಿಸದಿದ್ದರೆ ಹದಿನೈದು ವರ್ಷವನ್ನು ಪ್ರಾಯದ ಗಡಿಯೆಂದು ಬಹುತೇಕ ವಿದ್ವಾಂಸರು ಹೇಳಿದ್ದಾರೆ. ಇಬ್ನು ಉಮರ್(ರ) ಅವರಿಗೆ ಹದಿನಾಲ್ಕು ವರ್ಷವಿದ್ದಾಗ ಉಹುದ್ ಯುದ್ಧಕ್ಕೆ ಅನುಮತಿ ಸಿಗಲಿಲ್ಲ, ಹದಿನೈದು ವರ್ಷವಿದ್ದಾಗ ಖಂದಕ್ ಯುದ್ಧಕ್ಕೆ ಸಿಕ್ಕಿತು ಎಂಬುದು ಇದಕ್ಕೆ ಆಧಾರ. ಹೀಗಿರುವಾಗ ಹಾಸಿಗೆ ಬೇರ್ಪಡಿಸುವ ಆಜ್ಞೆ ಅಷ್ಟು ಮೊದಲೇ, ಹತ್ತಕ್ಕೇ ಬಂದುದೇಕೆ?

ಕಾರಣ ಕಾಣಿಸಿಕೊಳ್ಳುವ ಮೊದಲೇ ರೂಢಿ ಬೇರೂರಲಿ ಎಂಬುದೇ ಇದರ ಹಿಂದಿನ ಜಾಣ್ಮೆ. ಹತ್ತು ವರ್ಷದ ಮಗುವಿಗೆ ‘ಇನ್ನು ಮುಂದೆ ಇದು ನಿನ್ನ ಹಾಸಿಗೆ’ ಎಂದರೆ ಅದಕ್ಕೆ ಹೆಮ್ಮೆಯೆನಿಸುತ್ತದೆ. ತಾನು ದೊಡ್ಡವನಾದೆನೆಂದು ಅದು ತಿಳಿಯುತ್ತದೆ. ಅದೇ ಮಾತನ್ನು ಹದಿನಾಲ್ಕು ವರ್ಷದವರೆಗೆ ಮುಂದೂಡಿ, ಒಂದು ದಿನ ಥಟ್ಟನೆ ಹೇಳಿದರೆ ಮಗುವಿಗೆ ಅದು ಆರೋಪದಂತೆ ಕೇಳಿಸುತ್ತದೆ. ‘ನಾನೇನು ತಪ್ಪು ಮಾಡಿದೆ?’ ಎಂದು ಅದರ ಮನಸ್ಸು ನೋಯುತ್ತದೆ. ಪ್ರವಾದಿ(ಸ) ನೀಡಿದ ಕ್ರಮದಲ್ಲಿ ಸಂಶಯಕ್ಕೆ ಎಡೆಯಿಲ್ಲ, ತರಬೇತಿಗೆ ಮಾತ್ರ ಎಡೆಯಿದೆ. ನಮಾಝ್ ಕಲಿಸುವಂತೆಯೇ ಲಜ್ಜೆಯನ್ನೂ ಕಲಿಸಬೇಕು. ಲಜ್ಜೆ ವಿಶ್ವಾಸದ ಒಂದು ಶಾಖೆಯಲ್ಲವೇ?

ಸೂರಃ ಅನ್ನೂರ್‌ನ 58 ಮತ್ತು 59ನೇ ಸೂಕ್ತಗಳನ್ನೂ ಈ ಸಂದರ್ಭದಲ್ಲಿ ಓದಿಕೊಳ್ಳಿ. ಫಜ್ರ್ ನಮಾಝಿಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾ ನಮಾಝಿನ ಬಳಿಕ, ಹೀಗೆ ಮೂರು ಹೊತ್ತು ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು. ಪ್ರಾಯಕ್ಕೆ ಬಂದ ಮೇಲಂತೂ ಸದಾ ಅನುಮತಿ ಕೇಳಬೇಕು ಎಂಬುದು ಅವುಗಳ ಸಾರಾಂಶ. ಮನೆಯವರ ನಡುವೆಯೂ ಮರೆ ಎಂಬುದೊಂದಿದೆ ಎಂದು ಕುರ್‌ಆನ್ ಕಲಿಸುತ್ತದೆ. ಆ ಮರೆಯ ಹಕ್ಕು ತಂದೆ ತಾಯಿಗೂ ಇದೆ, ಮಕ್ಕಳಿಗೂ ಇದೆ.

ಪ್ರಯಾಣದ ರಿಯಾಯಿತಿ ಎಲ್ಲಿಯವರೆಗೆ?

‘ಮನೆಯಲ್ಲಿ ಪಾಲಿಸುತ್ತೇವೆ, ಪ್ರವಾಸದಲ್ಲಿ ಅದೆಲ್ಲ ಎಲ್ಲಿ ಸಾಧ್ಯ?’ ಎನ್ನುವವರಿದ್ದಾರೆ. ಪ್ರಯಾಣಿಕನಿಗೆ ಇಸ್ಲಾಮ್ ರಿಯಾಯಿತಿ ನೀಡಿದೆ ಎಂಬುದು ನಿಜ. ದುದ್ದದಿಂದ ಊಟಿಗೆ ಹೊರಟವನು ಮುಸಾಫಿರನೇ. ಮೈಸೂರಿನಿಂದಲೇ ಊಟಿಗೆ ಸುಮಾರು 125 ಕಿಲೋಮೀಟರ್ ಇದೆ. ಅಲ್ಲಿ ಅವನು ನಾಲ್ಕು ರಕಅತ್‌ನ ಫರ್ಝ್ ನಮಾಝನ್ನು ಎರಡಾಗಿ ನಿರ್ವಹಿಸುತ್ತಾನೆ. ರಮಝಾನ್ ಆಗಿದ್ದರೆ ಉಪವಾಸವನ್ನು ಮುಂದೂಡಲೂ ಅವನಿಗೆ ಅನುಮತಿಯಿದೆ. ಆದರೆ ಪ್ರಯಾಣದಲ್ಲಿ ಲಜ್ಜೆಯನ್ನು ಅರ್ಧ ಮಾಡಿಕೊಳ್ಳಬಹುದೆಂದು ಎಲ್ಲಿಯೂ ಹೇಳಿಲ್ಲ. ಅಪರಿಚಿತ ಊರು, ಇಕ್ಕಟ್ಟಾದ ಜಾಗ, ಬೆಚ್ಚಗಿನ ಹೊದಿಕೆಯ ಕೊರತೆ ಇವೆಲ್ಲ ಇರುವಾಗ ಹೆಚ್ಚಿನ ಎಚ್ಚರವೇ ಬೇಕಾಗುತ್ತದೆ.

ಆದ್ದರಿಂದ ಮೊದಲ ಲೆಕ್ಕಾಚಾರ ಮನೆಯಲ್ಲೇ ನಡೆಯಲಿ. ರಾತ್ರಿ ತಂಗುವುದು ಅಗತ್ಯವೇ ಎಂದು ಯೋಚಿಸಿರಿ. ನಮ್ಮ ಜಿಲ್ಲೆಯಲ್ಲಿಯೇ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದಾದ ಸ್ಥಳಗಳು ಎಷ್ಟಿವೆ! ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಮಸ್ಜಿದೆ ಆಲಾ, ದರಿಯಾ ದೌಲತ್, 1799ರಲ್ಲಿ ಹುತಾತ್ಮರಾದ ಅವರು ತಂದೆ ತಾಯಿಯರ ಪಕ್ಕದಲ್ಲಿ ಮಲಗಿರುವ ಗುಂಬಜ್ ಇವೆ. ಸಮೀಪದಲ್ಲೇ ಕನ್ನಂಬಾಡಿ ಕಟ್ಟೆಯೂ ರಂಗನತಿಟ್ಟೂ ಇವೆ. ಮಳವಳ್ಳಿ ಕಡೆಗೆ ಹೋದರೆ 1902ರಿಂದ ವಿದ್ಯುತ್ ನೀಡುತ್ತಿರುವ ಶಿವನಸಮುದ್ರವಿದೆ. ಇವನ್ನು ನೋಡಲು ಕೋಣೆಯೇ ಬೇಡ.

ಊಟಿಯ ಮಾತು ಬೇರೆ. ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ತಡೆಯಿದೆ. ಹೊರಡುವುದು ತಡವಾಯಿತೆಂದರೆ ತಂಗಲೇಬೇಕು. ಹಾಗಿದ್ದರೆ ಮೂರು ದಿನಗಳ ಪ್ರವಾಸವನ್ನು ಎರಡು ದಿನಕ್ಕಿಳಿಸಿ, ಉಳಿದ ಹಣದಲ್ಲಿ ಎರಡು ಕೋಣೆ ಹಿಡಿಯಿರಿ. ಒಂದರಲ್ಲಿ ತಂದೆ ಮತ್ತು ಗಂಡು ಮಕ್ಕಳು, ಇನ್ನೊಂದರಲ್ಲಿ ತಾಯಿ ಮತ್ತು ಹೆಣ್ಣು ಮಕ್ಕಳು. ಒಂದು ದಿನ ಕಡಿಮೆಯಾದರೆ ಮಕ್ಕಳು ನಾಳೆಯೇ ಮರೆಯುತ್ತಾರೆ. ಇಕ್ಕಟ್ಟಿನಲ್ಲಿ ಕಳೆದ ಮುಜುಗರದ ರಾತ್ರಿಯನ್ನು ಬೇಗ ಮರೆಯುವುದಿಲ್ಲ.

ಮಗಳನ್ನು ಬಿಟ್ಟು ಹೋಗುವುದು ಪರಿಹಾರವಲ್ಲ

ಕೆಲವು ಮನೆಗಳಲ್ಲಿ ಇದಕ್ಕೆ ಬಹಳ ಸುಲಭವಾದ ಉಪಾಯ ಕಂಡುಕೊಂಡಿದ್ದಾರೆ. ‘ನೀನು ದೊಡ್ಡವಳಾದೆ, ದಾದಿಯ ಜೊತೆ ಮನೆಯಲ್ಲಿರು, ನಾವು ಹೋಗಿ ಬರುತ್ತೇವೆ’ ಎಂದು ಮಗಳನ್ನು ಬಿಟ್ಟು ಹೊರಡುತ್ತಾರೆ. ಹಾಸಿಗೆಯ ಸಮಸ್ಯೆ ತೀರಿತು, ಕೋಣೆಯ ಬಾಡಿಗೆಯೂ ಉಳಿಯಿತು! ಆದರೆ ಆ ಹುಡುಗಿಯ ಮನಸ್ಸಿನಲ್ಲಿ ಉಳಿದುದೇನು? ತಾನು ಬೆಳೆದುದೇ ಒಂದು ಅಪರಾಧ, ತನ್ನ ದೇಹವೇ ಮನೆಯವರ ಸಂತೋಷಕ್ಕೆ ಅಡ್ಡಿ, ತನ್ನ ಧರ್ಮವೇ ತನ್ನನ್ನು ಮನೆಯಲ್ಲಿ ಕೂರಿಸಿತು ಎಂಬ ಭಾವನೆ. ಈ ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಧರ್ಮ ಹಾಗೆ ಮಾಡಿಲ್ಲ, ನಾವು ಮಾಡಿದ್ದೇವೆ.

ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ) ಆದೇಶಿಸಿದುದನ್ನು ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ್ದಾರೆ. ಒಬ್ಬ ಮಗನಿಗೆ ಮಾತ್ರ ಕೊಡುಗೆ ನೀಡಿ ಉಳಿದವರನ್ನು ಬಿಟ್ಟುದಕ್ಕೆ ಅವರು ಸಾಕ್ಷಿಯಾಗಲು ಒಪ್ಪಲಿಲ್ಲ. ಪ್ರವಾಸವೂ ಒಂದು ಕೊಡುಗೆಯೇ. ಪ್ರವಾದಿ(ಸ) ಪ್ರಯಾಣ ಹೊರಡುವಾಗ ಪತ್ನಿಯರ ನಡುವೆ ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಒಂದು ಪ್ರಯಾಣದಲ್ಲಿ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯವನ್ನೂ ನಡೆಸಿದ್ದರು. ಸ್ತ್ರೀಯರು ಜೊತೆಗಿದ್ದುದು ಅವರಿಗೆ ಹೊರೆಯಾಗಿ ಕಾಣಲಿಲ್ಲ. ಹೀಗಿರುವಾಗ, ಕೇವಲ ಒಂದು ಹಾಸಿಗೆ ಹಾಸುವ ಶ್ರಮ ತಪ್ಪಿಸಿಕೊಳ್ಳಲು ಮಗಳನ್ನು ಬಿಟ್ಟು ಹೋಗುವುದು ಎಂತಹ ನ್ಯಾಯ?

ಒಂದೇ ಕೋಣೆ ಸಿಕ್ಕಿದರೆ

ಎರಡು ಕೋಣೆಗೆ ಹಣವಿಲ್ಲ, ಅಥವಾ ರಜೆಯ ಗದ್ದಲದಲ್ಲಿ ಕೋಣೆಯೇ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆಗ ಆ ಕುಟುಂಬ ಏನು ಮಾಡಬೇಕು?

ತಾಯಿ ಮತ್ತು ಇಬ್ಬರು ಹೆಣ್ಣು ಮಕ್ಕಳಿಗೆ ಗೋಡೆಯ ಕಡೆಯ ಜಾಗ ಇರಲಿ. ಬಾಗಿಲ ಕಡೆಗೆ ತಂದೆ ಮತ್ತು ಗಂಡು ಮಕ್ಕಳು ಮಲಗಲಿ. ನಡುವಿನ ಗಡಿಯಲ್ಲಿ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ತಂದೆ ಇರಲಿ. ಹೀಗೆ ಮಾಡಿದರೆ ಹಿರಿಯ ಮಗ ಕೋಣೆಯ ಒಂದು ಕೊನೆಯಲ್ಲೂ ಮಗಳು ಇನ್ನೊಂದು ಕೊನೆಯಲ್ಲೂ ಇರುತ್ತಾರೆ. ಹತ್ತು ವರ್ಷದ ಮಗನಿಗೂ ಪ್ರತ್ಯೇಕ ಹೊದಿಕೆ ಕೊಡಿ. ಆಜ್ಞೆ ಅವನ ವಯಸ್ಸಿನಿಂದಲೇ ಆರಂಭವಾಗುತ್ತದೆ.

ಹೊದಿಕೆಗಳನ್ನು ಮನೆಯಿಂದಲೇ ಒಯ್ಯಿರಿ. ಊಟಿ, ಮಡಿಕೇರಿಯಂತಹ ಊರುಗಳಲ್ಲಿ ಬೇಸಿಗೆಯಲ್ಲೂ ರಾತ್ರಿ ಚಳಿಯಿರುತ್ತದೆ. ಒಂದು ಮಂಚಕ್ಕೆ ಒಂದೇ ದೊಡ್ಡ ಕಂಬಳಿ ಕೊಟ್ಟರೆ ನಡುರಾತ್ರಿ ಚಳಿ ತಾಳಲಾರದೆ ಮಕ್ಕಳೆಲ್ಲ ಅದರೊಳಗೇ ಸೇರುತ್ತಾರೆ. ಎಷ್ಟು ಜನರೋ ಅಷ್ಟು ಕಂಬಳಿ ಚೀಲದಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಒಂದು ಹಗ್ಗ, ಒಂದು ಹಳೆಯ ಸೀರೆ ಅಥವಾ ಚಾದರ ಜೊತೆಗಿರಲಿ. ಕಿಟಕಿಯಿಂದ ಬಾಗಿಲಿಗೆ ಕಟ್ಟಿದರೆ ಪರದೆಯಾಯಿತು. ರಾತ್ರಿಯ ಉಡುಪು ಸಡಿಲವೂ ಮೈಮುಚ್ಚುವಂತಹದೂ ಆಗಿರಲಿ. ಗಂಡು ಮಕ್ಕಳಿಗೆ ಲುಂಗಿಗಿಂತ ಪೈಜಾಮ ಒಳ್ಳೆಯದು, ನಿದ್ದೆಯಲ್ಲಿ ಲುಂಗಿ ಸರಿಯುತ್ತದೆ. ಬಟ್ಟೆ ಬದಲಿಸುವುದು ಬಚ್ಚಲಿನಲ್ಲಿ, ಚಿಲಕ ಹಾಕಿಕೊಂಡು. ಒಳಗೆ ಯಾರಿದ್ದಾರೆಂದು ಕೇಳದೆ ಯಾರೂ ಬಾಗಿಲು ತಳ್ಳಬಾರದು. ಒಳಗಿರುವವರು ಮಲಗಿರಲಿ, ಎಚ್ಚರವಿರಲಿ, ಯಾರೂ ಅವರ ಫೋಟೋ ತೆಗೆಯಬಾರದು. ಈಗಿನ ಮಕ್ಕಳ ಕೈಯಲ್ಲಿ ಮೊಬೈಲ್ ಇರುವುದರಿಂದ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಮಲಗುವ ಹೊತ್ತಿಗೆ ಎಲ್ಲರ ಮೊಬೈಲ್‌ಗಳೂ ತಂದೆ ತಾಯಿಯದೂ ಸೇರಿ ಒಂದು ಚೀಲಕ್ಕೆ ಹೋಗಲಿ.

ದಂಪತಿಗಳಿಗೂ ಒಂದು ಮಾತು. ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿರುವ ಆ ಎರಡು ರಾತ್ರಿ ಸಂಯಮದ ರಾತ್ರಿಗಳಾಗಿರಲಿ. ಮಕ್ಕಳು ಮಲಗಿದ್ದಾರೆಂದು ನಾವು ತಿಳಿಯುತ್ತೇವೆ, ಅವರು ಮಲಗಿರುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಈ ತೊಂದರೆ ಕಡಿಮೆ. ಮಂಡ್ಯದಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ವಿಜಯಪುರಕ್ಕೆ ಹೋಗುವ ಕುಟುಂಬಕ್ಕೆ ಆಳಿಗೊಂದು ಬರ್ತ್ ಸಿಗುತ್ತದೆ. ಅಲ್ಲಿ ನೋಡಬೇಕಾದುದು ಮಗಳ ಬರ್ತ್ ಎಲ್ಲಿದೆ ಎಂಬುದನ್ನು. ಅವಳನ್ನು ದೂರದ ಅಪರಿಚಿತರ ನಡುವೆ ಬಿಡದೆ, ತಾಯಿಯ ಮೇಲಿನ ಅಥವಾ ಎದುರಿನ ಬರ್ತ್‌ನಲ್ಲಿ ಮಲಗಿಸಿರಿ.

ಮುಂಜಾನೆಯ ಮುಜುಗರ

ಹೆಚ್ಚಿನ ಹೆತ್ತವರು ಯೋಚಿಸದ ಒಂದು ವಿಷಯವಿದೆ. ರಾತ್ರಿಗಿಂತ ಕಷ್ಟದ ಹೊತ್ತು ಫಜ್ರ್‌ನ ಹೊತ್ತು. ಹರೆಯದ ಹುಡುಗನಿಗೆ ನಿದ್ದೆಯಲ್ಲಿ ಸ್ವಪ್ನಸ್ಖಲನವಾಗಿ ಸ್ನಾನ ಕಡ್ಡಾಯವಾಗಿರಬಹುದು. ಆರು ಜನ ಒಂದೇ ಕೋಣೆಯಲ್ಲಿದ್ದಾರೆ. ಎದ್ದು ಸ್ನಾನಕ್ಕೆ ಹೋದರೆ ‘ಈ ಚಳಿಯಲ್ಲಿ ಇಷ್ಟು ಬೇಗ ಸ್ನಾನವೇಕೆ?’ ಎಂದು ಚಿಕ್ಕವರು ಕೇಳುತ್ತಾರೆ. ನಾಚಿಕೆಯಿಂದ ಅವನು ನಿದ್ದೆ ನಟಿಸುತ್ತಾನೆ, ನಮಾಝ್ ತಪ್ಪುತ್ತದೆ. ತಂದೆ ಗದರುತ್ತಾರೆ. ಹುಡುಗ ಬಾಯಿ ಬಿಡುವುದಿಲ್ಲ. ಹಾಗೆಯೇ ಮಗಳಿಗೆ ತಿಂಗಳ ದಿನಗಳಾಗಿದ್ದರೆ ‘ಆಪಾ ಏಕೆ ನಮಾಝಿಗೆ ನಿಲ್ಲಲಿಲ್ಲ?’ ಎಂದು ತಮ್ಮ ಎಲ್ಲರೆದುರು ಕೇಳುತ್ತಾನೆ.

ಇದಕ್ಕೆ ಪರಿಹಾರ ಸರಳವಾಗಿದೆ. ಪ್ರವಾಸದ ದಿನಗಳಲ್ಲಿ ತಂದೆ ತಾನೇ ಮೊದಲೆದ್ದು ಸ್ನಾನ ಮಾಡಲಿ, ‘ಎಲ್ಲರೂ ಒಬ್ಬೊಬ್ಬರಾಗಿ ಸ್ನಾನ ಮುಗಿಸಿ, ಬೇಗ ಹೊರಡೋಣ’ ಎಂದು ಬಿಡಲಿ. ಎಲ್ಲರೂ ಸ್ನಾನ ಮಾಡುವಾಗ ಒಬ್ಬನ ಸ್ನಾನ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ ಸಿಗುತ್ತದೆಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಲಿ. ಇನ್ನೊಬ್ಬರ ನಮಾಝಿನ ಲೆಕ್ಕ ಕೇಳುವುದು ತಂದೆ ತಾಯಿಯ ಕೆಲಸ, ತಮ್ಮನ ಕೆಲಸವಲ್ಲ ಎಂದು ಚಿಕ್ಕವರಿಗೆ ತಿಳಿಹೇಳಲಿ.

ಈ ವಿಷಯಗಳನ್ನು ಮಾತನಾಡುವುದೇ ಲಜ್ಜೆಗೆ ವಿರುದ್ಧವೆಂದು ಯಾರೂ ಭಾವಿಸಬೇಡಿ. ಉಮ್ಮು ಸುಲೈಮ್(ರ) ಸ್ತ್ರೀಯರ ಸ್ನಾನದ ಕುರಿತಾದ ಇಂತಹದೇ ಪ್ರಶ್ನೆಯನ್ನು ಪ್ರವಾದಿಯವರಲ್ಲಿ(ಸ) ನೇರವಾಗಿ ಕೇಳಿದ್ದರು, ಅವರಿಗೆ ಉತ್ತರವೂ ಸಿಕ್ಕಿತ್ತು.

ನೆಂಟರ ಮನೆಯಲ್ಲಿ ಇನ್ನಷ್ಟು ಎಚ್ಚರ

ನಮ್ಮ ಕಡೆ ರಜೆಯೆಂದರೆ ಹೆಚ್ಚಿನವರಿಗೆ ಲಾಡ್ಜ್ ಅಲ್ಲ, ನಾನಿಯ ಮನೆ. ಖಾಲಾ, ಮಾಮು, ಚಾಚಾರ ಮಕ್ಕಳೆಲ್ಲ ಸೇರುತ್ತಾರೆ. ಹಜಾರದಲ್ಲಿ ಉದ್ದಕ್ಕೆ ಜಮಖಾನ ಹಾಸಿ ಸಾಲಾಗಿ ಮಲಗಿಸುತ್ತಾರೆ. ‘ಎಲ್ಲ ನಮ್ಮ ಮಕ್ಕಳೇ ತಾನೇ’ ಎಂಬ ಮಾತು ಪ್ರೀತಿಯಿಂದ ಬಂದುದಾದರೂ ಅದು ಸರಿಯಲ್ಲ. ಸ್ವಂತ ಅಣ್ಣ ತಂಗಿ ಪರಸ್ಪರ ಮಹ್ರಮ್‌ಗಳು. ಚಾಚಾ, ಖಾಲಾರ ಮಕ್ಕಳು ಮಹ್ರಮ್‌ಗಳಲ್ಲ. ಅವರ ನಡುವೆ ವಿವಾಹವೇ ಅನುಮತಿಸಲ್ಪಟ್ಟಿದೆ. ಅಣ್ಣ ತಂಗಿಗೆ ಹಾಸಿಗೆ ಬೇರೆಯಾದರೆ ಸಾಕು. ಇವರಿಗೆ ಕೋಣೆಯೇ ಬೇರೆಯಾಗಬೇಕು.

ಹೋಗುವ ಮೊದಲೇ ಆ ಮನೆಯ ಹಿರಿಯ ಹೆಂಗಸಿಗೆ ತಾಯಿಯೇ ಒಂದು ಮಾತು ಹೇಳಿಡಲಿ: ‘ಹೆಣ್ಣು ಮಕ್ಕಳು ನನ್ನ ಜೊತೆ ಒಳಕೋಣೆಯಲ್ಲಿ ಮಲಗುತ್ತಾರೆ, ಹುಡುಗರು ಗಂಡಸರ ಜೊತೆ ಹಜಾರದಲ್ಲೋ ತಾರಸಿಯಲ್ಲೋ ಮಲಗಲಿ.’ ಇಷ್ಟು ಹೇಳಿದರೆ ಯಾರ ಮನಸ್ಸೂ ನೋಯುವುದಿಲ್ಲ. ಹೇಳದೆ ಹೋಗಿ, ರಾತ್ರಿ ಹತ್ತು ಗಂಟೆಗೆ ಹಾಸಿದ ಜಮಖಾನದ ಮುಂದೆ ನಿಂತು ಮುಖ ಸಿಂಡರಿಸಿದರೆ ಮಾತ್ರ ನೋಯುತ್ತದೆ.

ಕಹಿಯಾದರೂ ಇನ್ನೊಂದು ಸತ್ಯವನ್ನು ಹೇಳಲೇಬೇಕು. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನ ವರದಿಯನ್ನು ಪ್ರಕಟಿಸಿತು. ಮಕ್ಕಳ ಮೇಲೆ ಲೈಂಗಿಕ ಕಿರುಕುಳ ನಡೆಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು ಎಂದು ಅದರಲ್ಲಿ ಕಂಡುಬಂತು. ಗಂಡು ಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. 2012ರ ಪೋಕ್ಸೊ ಕಾಯಿದೆ ಹದಿನೆಂಟು ವರ್ಷದೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆ ನೀಡುತ್ತದೆ, ಅಪರಾಧಿ ಸಂಬಂಧಿಕನಾಗಿದ್ದರೆ ಅದನ್ನು ಇನ್ನೂ ಗುರುತರವೆಂದು ಪರಿಗಣಿಸುತ್ತದೆ. ಇಬ್ಬರು ಹುಡುಗರಾದರೂ ಒಂದೇ ಹೊದಿಕೆ ಬೇಡವೆಂದ ಪ್ರವಾದಿವಚನದ ಬೆಲೆ ಇಲ್ಲಿ ತಿಳಿಯುತ್ತದೆ.

ಮಗು ಮರುದಿನ ‘ನಾನು ಅಲ್ಲಿ ಮಲಗುವುದಿಲ್ಲ’ ಎಂದರೆ ಅದನ್ನು ಹಠವೆಂದು ಗದರಬೇಡಿ. ಏಕೆಂದು ಬೇರೆಯಾಗಿ ಕೂರಿಸಿ, ಮೆತ್ತಗೆ ಕೇಳಿ. ಅದು ಹೇಳಿದುದನ್ನು ನಂಬಿ. ಏನಾದರೂ ನಡೆದಿದ್ದರೆ ತಪ್ಪು ಮಗುವಿನದಲ್ಲವೆಂದು ಮೊದಲು ಹೇಳಿ. ನೆಂಟಸ್ತಿಕೆ ಕೆಡುತ್ತದೆಂದು ಮುಚ್ಚಿಡುವುದು ಮಗುವಿನ ಮೇಲೆ ಎಸಗುವ ಎರಡನೆಯ ಅನ್ಯಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕೈಗೆ ಅಮಾನತ್ತಾಗಿ ಕೊಟ್ಟಿದ್ದಾನೆ, ಕುಟುಂಬದ ಮರ್ಯಾದೆಗೆ ಬಲಿಕೊಡಲು ಕೊಟ್ಟಿಲ್ಲ.

ಹೇಗೆ ಹೇಳಬೇಕು?

ಲಾಡ್ಜಿನ ಕೋಣೆಯ ಬಾಗಿಲಲ್ಲಿ, ಸಾಮಾನು ಹೊತ್ತ ಹುಡುಗನ ಎದುರು, ‘ನೀನು ಅವಳ ಹತ್ತಿರ ಮಲಗಬೇಡ’ ಎಂದು ಹೇಳುವುದು ಬಹಳ ಕೆಟ್ಟ ಕ್ರಮ. ಆ ಒಂದು ಮಾತು ಅಣ್ಣ ತಂಗಿಯರ ನಡುವಿನ ಸಹಜ ವಾತ್ಸಲ್ಯಕ್ಕೆ ಮಸಿ ಬಳಿಯುತ್ತದೆ. ಹೊರಡುವ ಎರಡು ದಿನ ಮೊದಲೇ ಮಗನಿಗೆ ತಂದೆಯೂ ಮಗಳಿಗೆ ತಾಯಿಯೂ ಹೇಳಲಿ. ಮಗನಿಗೆ ಜವಾಬ್ದಾರಿಯಾಗಿ ಹೇಳಲಿ: ‘ಬೇಟಾ, ರಾತ್ರಿ ಪರದೆ ಕಟ್ಟುವ ಕೆಲಸ ನಿನ್ನದು. ನಿನ್ನ ತಂಗಿ ನೆಮ್ಮದಿಯಾಗಿ ಮಲಗಬೇಕಲ್ಲವೇ?’ ಆಗ ಅವನು ನಿಯಮಕ್ಕೆ ಗುರಿಯಾದವನಲ್ಲ, ಅದರ ಕಾವಲುಗಾರನಾಗುತ್ತಾನೆ. ಕಂಬಳಿಗಳ ಚೀಲವನ್ನು ಮಗಳ ಕೈಯಿಂದಲೇ ಕಟ್ಟಿಸಿ. ತನ್ನ ಹಾಸಿಗೆ ಎಲ್ಲಿರಬೇಕೆಂದು ಅವಳನ್ನೂ ಕೇಳಿ.

ಹಗಲಲ್ಲಿ ಅವರು ಒಟ್ಟಿಗೆ ನಗಲಿ, ಜಗಳವಾಡಲಿ, ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನಲಿ. ಹಾಸಿಗೆ ಬೇರ್ಪಡಿಸಿದುದು ಹೃದಯಗಳನ್ನು ಬೇರ್ಪಡಿಸಲು ಅಲ್ಲ.

ಮಲಗುವ ಮುನ್ನ ಹಾಸಿಗೆಯನ್ನು ಕೊಡವಿಕೊಳ್ಳುವುದು, ವುಝೂ ಮಾಡಿ ಬಲ ಮಗ್ಗುಲಿಗೆ ಮಲಗುವುದು, ಬಾಗಿಲು ಭದ್ರಪಡಿಸುವುದು ಇವೆಲ್ಲ ಪ್ರವಾದಿಚರ್ಯೆಗಳು. ಪರರ ಊರಿನ ಕೋಣೆಯಲ್ಲಿ ಇವನ್ನು ಎಲ್ಲರೂ ಕೂಡಿ ಮಾಡಿ ನೋಡಿ. ಪರದೆಯ ಈಚೆಯಿಂದ ತಂದೆ ಮಲಗುವಾಗಿನ ದುಆವನ್ನು ಗಟ್ಟಿಯಾಗಿ ಹೇಳಲಿ, ಆಚೆಯಿಂದ ಮಕ್ಕಳು ಅದನ್ನು ಪುನರುಚ್ಚರಿಸಲಿ. ದುದ್ದದ ಆ ತಾಯಿಯ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅವರು ಈ ಪ್ರಶ್ನೆಯನ್ನು ಇಂದೇ ಪತಿಯ ಮುಂದಿಡಲಿ. ಪತಿಯೂ ನಗದೆ, ಗದರದೆ ಕೇಳಲಿ.

ನಮ್ಮನ್ನೂ ನಮ್ಮ ಕುಟುಂಬವನ್ನೂ ಕಾಪಾಡಿಕೊಳ್ಳಬೇಕೆಂದು ಆದೇಶಿಸಿದ ಅಲ್ಲಾಹನು, ನಮ್ಮ ಮಕ್ಕಳ ಹಗಲನ್ನು ಸಂತೋಷದಿಂದಲೂ ರಾತ್ರಿಯನ್ನು ನೆಮ್ಮದಿಯಿಂದಲೂ ತುಂಬಲಿ. ಅವರ ಲಜ್ಜೆಯನ್ನು ಕಾಯುವ ಹೊಣೆಯನ್ನು ಪ್ರೀತಿಯಿಂದ ನಿರ್ವಹಿಸಲು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.